ಹತ್ತು ಹೆಜ್ಜೆ ಮುಂದೆ

ನನ್ನ ಬೆನ್ನು ನನಗಿಂತ ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತು. ಇದು ಹೆಮ್ಮೆಯ ಮಾತಲ್ಲ, ತಪ್ಪೊಪ್ಪಿಗೆ. ಮೂವತ್ತು ವರ್ಷಗಳಿಂದ ನಾವಿಬ್ಬರೂ ಎಲ್ಲಿಗೇ ನಡೆದು ಹೊರಟರೂ ನಾನು ಹತ್ತು ಹೆಜ್ಜೆ ಮುಂದೆ, ಪದ್ಮಿನಿ ಹತ್ತು ಹೆಜ್ಜೆ ಹಿಂದೆ. ನನ್ನ ಯಾವ ಅಂಗಿಯ ಕಾಲರು ಸವೆದಿದೆ, ತಲೆಯ ಹಿಂಭಾಗದಲ್ಲಿ ಕೂದಲು ಯಾವಾಗಿನಿಂದ ವಿರಳವಾಗತೊಡಗಿತು ಎಂಬುದೆಲ್ಲ ನನಗೆ ಅವಳಿಂದಲೇ ತಿಳಿದದ್ದು.

ಈ ವಿದ್ಯೆ ನನಗೆ ಬಂದದ್ದು ಅಪ್ಪನಿಂದ. ಮೈಸೂರಿನಲ್ಲಿ ಸಂಜೆ ಅಪ್ಪ, ಅಮ್ಮ ಮಾರ್ಕೆಟ್ಟಿಗೆ ಹೊರಟರೆ ಅಪ್ಪ ಕೊಡೆ ಬೀಸುತ್ತ ಮುಂದೆ, ಅಮ್ಮ ಚೀಲ ಹಿಡಿದು ಹಿಂದೆ. ಹಾಗೇಕೆ ಎಂದು ಒಮ್ಮೆ ಕೇಳಿದ್ದಕ್ಕೆ, “ಮುಂದೆ ನಾಯಿ ಗೀಯಿ ಇದ್ರೆ ನೋಡ್ಬೇಕಲ್ಲಪ್ಪ” ಎಂದಿದ್ದರು. ಆ ನಾಯಿ ಒಂದು ದಿನವೂ ಬರಲಿಲ್ಲ. ಕಾಲೇಜಿನಲ್ಲಿದ್ದಾಗ ನಾನು ಅಪ್ಪನ ಈ ನಡಿಗೆಯನ್ನು ಅಣಕಿಸಿ ಗೆಳೆಯರನ್ನು ನಗಿಸುತ್ತಿದ್ದೆ. ಮದುವೆಯಾಗಿ ಒಂದು ತಿಂಗಳೊಳಗೆ ಅದೇ ನಡಿಗೆ ನನ್ನ ಕಾಲಿಗೆ ಬಂದು ಸೇರಿಕೊಂಡಿತು.

ನಮ್ಮ ಮದುವೆಯ ವಿಧಿಗಳಲ್ಲಿ ಅತ್ಯಂತ ಅರ್ಥಪೂರ್ಣವಾದದ್ದು ಸಪ್ತಪದಿ ಎಂದು ತಿಳಿದವರು ಹೇಳುತ್ತಾರೆ. ಅನ್ನಕ್ಕೆ ಒಂದು, ಬಲಕ್ಕೆ ಒಂದು ಎಂದು ಎಣಿಸುತ್ತ ಹೋಗಿ ಏಳನೆಯ ಹೆಜ್ಜೆಯನ್ನು ಸ್ನೇಹಕ್ಕೆಂದು ಇಡಿಸುತ್ತಾರೆ. ಅಂದರೆ ಜೊತೆಯಾಗಿ ನಡೆದವರು ಸ್ನೇಹಿತರಾಗುತ್ತಾರೆ ಎಂಬುದು ಹಿರಿಯರ ಲೆಕ್ಕಾಚಾರ. ಏಳೂ ಹೆಜ್ಜೆಗಳನ್ನು ನಾನು ಅವಳ ಕೈ ಹಿಡಿದೇ ಇಟ್ಟಿದ್ದೇನೆ, ಫೋಟೋ ಇದೆ. ಎಂಟನೆಯ ಹೆಜ್ಜೆಯ ಬಗ್ಗೆ ಪುರೋಹಿತರು ಏನನ್ನೂ ಹೇಳಲಿಲ್ಲವಾದ್ದರಿಂದ ಅಲ್ಲಿಂದಾಚೆಗೆ ನಾನು ಸ್ವತಂತ್ರನೆಂದು ಭಾವಿಸಿದೆ.

ಇನ್ನೂ ನಾಚಿಕೆಯ ಸಂಗತಿಯೆಂದರೆ, ಸಿಡ್ನಿಗೆ ಬಂದ ಮೇಲೆ ನಿವೃತ್ತಿಯವರೆಗೂ ನಾನು ಮಾಡಿದ್ದು ಫುಟ್‌ಪಾತುಗಳ ನಕ್ಷೆ ತಯಾರಿಸುವ ಕೆಲಸ. ಇಬ್ಬರು ಮಾತಾಡುತ್ತ ಅಕ್ಕಪಕ್ಕ ನಡೆಯುವಷ್ಟು ಅಗಲ ಇರಲೇಬೇಕೆಂದು ಮೀಟಿಂಗುಗಳಲ್ಲಿ ಜಗಳವಾಡಿದವನು ನಾನು. ಹಾಗೆ ಹಟ ಹಿಡಿದು ಹಾಕಿಸಿದ ದಾರಿಗಳ ಮೇಲೆ ಒಬ್ಬನೇ ದಾಪುಗಾಲು ಹಾಕಿಕೊಂಡು ಮನೆಗೆ ಬರುತ್ತಿದ್ದೆ.

ನಿವೃತ್ತಿಯಾದ ಮೇಲೆ ಲೈಬ್ರರಿಯ ಹಳೆಯ ಪುಸ್ತಕಗಳ ರಾಶಿಯಲ್ಲಿ ನನಗೊಂದು ತೆಳ್ಳಗಿನ ಪುಸ್ತಕ ಸಿಕ್ಕಿತು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸಂಸಾರ ಸಮೇತ ನಡೆಯಬಹುದಾದ ದಾರಿಗಳ ಕೈಪಿಡಿ ಅದು. ಪ್ರತಿ ದಾರಿಗೂ ಎಷ್ಟು ಮೈಲಿ, ಎಷ್ಟು ಹೊತ್ತು, ಎಲ್ಲಿ ಕುರಿಗಳಿವೆ, ಕೊನೆಯಲ್ಲಿ ಟೀ ಎಲ್ಲಿ ಸಿಗುತ್ತದೆ ಎಂಬ ವಿವರ. ನನ್ನನ್ನು ಮರುಳು ಮಾಡಿದ್ದು ಅಲ್ಲಿಯ ಒಂದು ಪದ್ಧತಿ. ಅಲ್ಲಿ ಕಾಲುದಾರಿ ಯಾರದೋ ಹೊಲದ ನಡುವೆಯೇ ಹಾದುಹೋಗುತ್ತದಂತೆ, ಗೇಟು ತೆರೆದು, ದಾಟಿ, ಮತ್ತೆ ಮುಚ್ಚಿ ಹೋಗುತ್ತಿರಬಹುದಂತೆ. ನಮ್ಮ ಕಡೆ ಗೊತ್ತಿಲ್ಲದವರ ಹೊಲಕ್ಕೆ ಕಾಲಿಟ್ಟರೆ ಯಾರ ಮನೆಯವನು, ಯಾವ ಊರು ಎಂದೆಲ್ಲ ವಿಚಾರಿಸಿ ಕೊನೆಗೆ ಮಜ್ಜಿಗೆ ಕುಡಿಸಿ ಕಳಿಸುತ್ತಾರೆ. ಅಲ್ಲಿ ವಿಚಾರಣೆ ಇಲ್ಲ, ಮಜ್ಜಿಗೆಯೂ ಇಲ್ಲ. ಮದುವೆಯ ಮೂವತ್ತನೇ ವರ್ಷಕ್ಕೆ ಇಂಗ್ಲೆಂಡಿಗೆ ಹೋಗಿ ನಡೆದೇ ಬಿಡುವುದೆಂದು ತೀರ್ಮಾನಿಸಿದೆ. ಪದ್ಮಿನಿಯೂ ಆಗಲೆಂದಳು.

ಅಭ್ಯಾಸ ಬೇಡವೇ? ಒಂದು ಭಾನುವಾರ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯಿಂದ ಬ್ಲೂ ಮೌಂಟನ್ಸ್ ಬೆಟ್ಟಗಳ ಕಡೆಗೆ ಕಾರು ಹೊರಟಿತು. ದಾರಿಯ ಬೋರ್ಡಿನಲ್ಲಿ ‘ಸುಲಭ, ಮಕ್ಕಳಿಗೂ ಸೂಕ್ತ, ಒಂದು ಗಂಟೆ’ ಎಂದಿತ್ತು. ಬೋರ್ಡು ಒಂದು ಗಂಟೆ ಎಂದರೆ ನನಗೆ ಅದನ್ನು ನಲವತ್ತು ನಿಮಿಷದಲ್ಲಿ ಮುಗಿಸದೆ ಸಮಾಧಾನವಿಲ್ಲ. ಯೂಕಲಿಪ್ಟಸ್ ವಾಸನೆ, ತಣ್ಣನೆಯ ಗಾಳಿ, ಮನಸ್ಸು ಹಗುರವಾಗಿ ಎಂದೂ ಆಡದ ಮಾತು ಬಾಯಿಗೆ ಬಂತು. “ಇಷ್ಟು ವರ್ಷ ಕೆಲಸ ಕೆಲಸ ಅಂತ ಓಡಾಡಿದ್ದಾಯ್ತು ಪದ್ಮ. ಇನ್ಮೇಲೆ ನಾವಿಬ್ರೂ ಜೊತೆಯಾಗಿ ನಡೆಯೋಣ” ಎಂದು ಶುರುಮಾಡಿ ನಿವೃತ್ತಿ, ಮುಪ್ಪು, ಪ್ರೀತಿ ಎಲ್ಲದರ ಬಗ್ಗೆಯೂ ಮಾತಾಡಿದೆ. ಅವಳು ಸುಮ್ಮನೆ ಕೇಳುತ್ತಿದ್ದಾಳೆ, ಬಹುಶಃ ಕಣ್ಣು ಒದ್ದೆಯಾಗಿರಬೇಕು ಎಂದುಕೊಂಡು ತಿರುಗಿದರೆ ಹಿಂದೆ ಇದ್ದದ್ದು ಊರುಗೋಲು ಹಿಡಿದ ಒಬ್ಬ ಬಿಳಿಯ ಮುದುಕ. ಕನ್ನಡದ ಒಂದಕ್ಷರ ತಿಳಿಯದಿದ್ದರೂ ಪೂರ್ತಿ ಕೇಳಿಸಿಕೊಂಡಿದ್ದ ಪುಣ್ಯಾತ್ಮ, “ಗುಡ್ ಆನ್ ಯು, ಮೇಟ್” ಎಂದು ಶಾಭಾಸ್ ಹೇಳಿ, ನಕ್ಕು ಮುಂದೆ ಹೋದ.

ಹಿಂದಕ್ಕೆ ಓಡಿದೆ. ಎರಡು ತಿರುವುಗಳಾಚೆ ಒಂದು ಬಂಡೆಯ ಮೇಲೆ ಪದ್ಮಿನಿ ಕೂತಿದ್ದಳು. ಡಬ್ಬಿ ತೆರೆದು ತನ್ನ ಪಾಲಿನ ಚಿತ್ರಾನ್ನ ತಿಂದು ಮುಗಿಸಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

“ರೀ, ಇಂಗ್ಲೆಂಡಿಗೆ ನಾನು ಬರಲ್ಲ” ಎಂದಳು.

“ಯಾಕೆ, ಏನಾಯ್ತೀಗ?”

“ನಿಮ್ಮ ಬೆನ್ನು ನೋಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಕ್ವೇಕರ್ಸ್ ಹಿಲ್ಲಲ್ಲೇ ಕಾಣತ್ತೆ. ನೀವು ಹೋಗ್ಬನ್ನಿ.”

ಎರಡು ದಿನ ಇದನ್ನು ಕೋಪ ಎಂದುಕೊಂಡೆ, ಆಮೇಲೆ ನಿರ್ಧಾರ ಎಂದು ಗೊತ್ತಾಯಿತು. ಕೈಪಿಡಿ ತೆರೆದರೆ ಈಗ ಅದೇ ಹೊಲಗಳಲ್ಲಿ ನಾನೊಬ್ಬನೇ ನಡೆಯುತ್ತಿರುವುದು ಕಾಣುತ್ತಿತ್ತು. ಕುರಿ ನೋಡಿ ‘ನೋಡೇ ಅಲ್ಲಿ’ ಎನ್ನಲು ಯಾರೂ ಇಲ್ಲ. ಇಷ್ಟು ವರ್ಷ ಅಷ್ಟು ಧೈರ್ಯವಾಗಿ ಮುಂದೆ ನಡೆದದ್ದು ಅವಳು ಹಿಂದೆ ಇದ್ದಾಳೆಂಬ ನಂಬಿಕೆಯ ಮೇಲೆ ಎಂದು ತಿಳಿದು ನಿಜಕ್ಕೂ ಹೆದರಿಕೆಯಾಯಿತು. ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿರುವ ಮಗಳು ಮೇಘನಾಗೆ ಫೋನು ಮಾಡಿ, ದಾರಿ ತುಂಬ ಸುಲಭ, ಮಕ್ಕಳೂ ನಡೆಯುತ್ತಾರೆ, ನಿನ್ನ ಅಮ್ಮನಿಗೆ ಸ್ವಲ್ಪ ಹೇಳು ಎಂದೆ. ಅವಳಿಗೆ ನನ್ನ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ದ ವಾಕ್ ಈಸ್ ಫೈನ್, ಡ್ಯಾಡ್. ಇಟ್ಸ್ ಯೂ.”

ಹೀಗೆ ಅರವತ್ತರ ಮೇಲೆ ನಾನು ನಡೆಯಲು ಕಲಿಯತೊಡಗಿದೆ. ಬೇಡಿಕೊಂಡ ಮೇಲೆ ಪದ್ಮಿನಿ ಒಂದು ವಾರದ ಪರೀಕ್ಷೆಗೆ ಒಪ್ಪಿದಳು. ದಿನವೂ ಬೆಳಿಗ್ಗೆ ಪಕ್ಕದ ಬಡಾವಣೆ ದಿ ಪಾಂಡ್ಸ್‌ನ ಕೆರೆಯ ಸುತ್ತ, ಅಕ್ಕಪಕ್ಕ. ಇದು ಎಷ್ಟು ಕಷ್ಟ ಎಂದು ನಡೆದವರಿಗೇ ಗೊತ್ತು. ಮೊದಲ ಲೈಟು ಕಂಬದವರೆಗೆ ಸರಿ, ಎರಡನೆಯದಕ್ಕೆ ನಾನು ಅರ್ಧ ಹೆಜ್ಜೆ ಮುಂದೆ, ಮೂರನೆಯ ಕಂಬ ಬರುವಷ್ಟರಲ್ಲಿ ಹಳೆಯ ಕಥೆ. ನೆನಪಾಗಿ ನಿಂತರೆ ಕಾಯುತ್ತಿದ್ದೇನೆಂಬ ಉಪಕಾರದ ಭಾವ ಮುಖದ ಮೇಲೆ ಬರುತ್ತಿತ್ತಂತೆ, ಅದು ಅವಳಿಗೆ ಇನ್ನೂ ಸಿಟ್ಟು. ಪರಿಚಯದ ಹುಡುಗಿಯೊಬ್ಬಳು ಓಡುತ್ತ ಬಂದು ಎದುರಿಗೆ ನಿಂತು, “ಹುಷಾರಿಲ್ವಾ ಅಂಕಲ್? ಇಷ್ಟು ಸ್ಲೋ ಆಗ್ಬಿಟ್ಟಿದೀರ” ಎಂದು ಕಳವಳ ಪಟ್ಟಳು. ಪದ್ಮಿನಿ ಆ ವಾರದಲ್ಲಿ ನಕ್ಕದ್ದು ಆಗ ಮಾತ್ರ.

ಆರನೆಯ ದಿನ ಅವಳಿಗೂ ಸಾಕಾಯಿತು. “ನಾಳೆ ನೀವು ಹಿಂದೆ ಬನ್ನಿ. ಹತ್ತು ಹೆಜ್ಜೆ. ನಿಮಗೂ ಗೊತ್ತಾಗ್ಲಿ” ಎಂದಳು.

ಮರುದಿನ ಹಿಂದೆ ನಡೆದೆ. ಮೂವತ್ತು ವರ್ಷದಲ್ಲಿ ಮೊದಲ ಸಲ. ಅವಳ ಜಡೆ ಇಷ್ಟು ಗಿಡ್ಡವಾದದ್ದು ಯಾವಾಗ? ಎದುರಿಗೆ ಬಂದ ಪ್ರತಿಯೊಬ್ಬರಿಗೂ, ಅವರ ನಾಯಿಗಳಿಗೂ ಗುಡ್ ಮಾರ್ನಿಂಗ್ ಹೇಳುತ್ತಾಳೆ. ನಾನು ಬರುತ್ತಿದ್ದೇನೋ ಇಲ್ಲವೋ ಎಂದು ಒಂದು ಸಲವಾದರೂ ತಿರುಗಿ ನೋಡಿಯಾಳೆಂದು ಕಾದೆ. ನೋಡಲಿಲ್ಲ. ಆ ಹತ್ತು ಹೆಜ್ಜೆಯ ಜಾಗ ಎಷ್ಟು ಖಾಲಿಯಾಗಿರುತ್ತದೆಂದು ನನಗೆ ಗೊತ್ತಾಗುತ್ತಾ ಹೋಯಿತು.

ಕೆರೆಯ ಆಚೆ ಬದಿಯಲ್ಲಿ ಸಣ್ಣದೊಂದು ಏರು ಇದೆ. ಅಲ್ಲಿ ಕಂಡದ್ದು ಬೇರೆ. ಪದ್ಮಿನಿಯ ಎಡಗಾಲು ಬಲಗಾಲಿಗಿಂತ ಒಂದು ಕ್ಷಣ ತಡವಾಗಿ, ಅಂಜುತ್ತ ನೆಲ ಮುಟ್ಟುತ್ತಿತ್ತು. ಅವಳ ಕೈ ತಾನಾಗಿಯೇ ಪಕ್ಕದ ಕಂಬಿ ಹಿಡಿಯಿತು. ನಾಲ್ಕು ಹೆಜ್ಜೆ ನಡೆದು ಬಾತುಕೋಳಿ ನೋಡುವವಳಂತೆ ನಿಂತಳು. ಅವಳು ದಾರಿಯಲ್ಲಿ ಹಾಗೆ ನಿಲ್ಲುವುದಕ್ಕೆ ನಾನು ಎಷ್ಟೋ ಸಲ ತಮಾಷೆ ಮಾಡಿದ್ದೇನೆ. ಓಡಿ ಹೋಗಿ ಮುಖ ನೋಡಿದರೆ ಅವಳ ಕಣ್ಣು ಮುಚ್ಚಿತ್ತು.

“ಪದ್ಮ, ಕಾಲಿಗೇನಾಗಿದೆ?”

“ಮೊಣಕಾಲು. ಎರಡು ವರ್ಷ ಆಯ್ತು.”

“ಒಂದು ಮಾತು ಹೇಳ್ಬಾರ್ದಾ?”

“ಹೇಳಿದ್ದೆ ರೀ. ಎಷ್ಟೋ ಸಲ ಹೇಳಿದ್ದೆ. ನೀವು ಮುಂದಿದ್ರಿ.”

ಅವಳು ಅಡುಗೆಗೆ ಉಪ್ಪು ಹಾಕಿದ್ದೇನೆ ಎಂಬಷ್ಟು ಸಹಜವಾಗಿ ಹೇಳಿದಳು. ಹತ್ತಿರದ ಬೆಂಚಿನ ಮೇಲೆ ಇಬ್ಬರೂ ಕೂತೆವು. ಬ್ಲೂ ಮೌಂಟನ್ಸ್‌ನಲ್ಲಿ ಆ ಮುದುಕನಿಗೆ ಹೇಳಿದ್ದೆಲ್ಲವನ್ನೂ ಅವಳಿಗೆ ಹೇಳಿದೆ. ಅವಳು ಪೂರ್ತಿ ಕೇಳಿ, “ಮೊದಲು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಆಮೇಲೆ ಟಿಕೆಟ್ ಬುಕ್ ಮಾಡಿ” ಎಂದಳು.

ಈಗ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ನಡೆದಿದೆ. ಕೈಪಿಡಿಯಲ್ಲಿ ಒಂದೇ ಒಂದು ದಾರಿಗೆ ಗುರುತು ಹಾಕಿದ್ದೇವೆ. ಒಟ್ಟು ಅರ್ಧ ಮೈಲಿ, ಐದು ವರ್ಷದ ಮಗುವೂ ನಡೆಯಬಹುದಂತೆ. ಹೊಲದ ನಡುವೆ ದಾರಿ ಕಿರಿದು, ಒಬ್ಬರ ಹಿಂದೆ ಒಬ್ಬರು ಹೋಗಬೇಕು ಎಂದು ಬರೆದಿದೆ. ಯಾರು ಮುಂದೆ ಎಂಬ ಚರ್ಚೆ ನಮ್ಮಲ್ಲಿ ಏಳಲಿಲ್ಲ. ಟೀ ಅಂಗಡಿಯವರೆಗೆ ಹೋಗುತ್ತೇವೋ ಇಲ್ಲವೋ ಗೊತ್ತಿಲ್ಲ. ಪದ್ಮಿನಿ ಎಲ್ಲಿ ನಿಲ್ಲುತ್ತಾಳೋ ಇಂಗ್ಲೆಂಡು ಅಲ್ಲಿಯವರೆಗೆ ಎಂದುಕೊಂಡಿದ್ದೇನೆ.