ಒಳಗಿನ ದೋಣಿಗೆ ಜಾಗ

ನನ್ನ ಅಕ್ಕ ಬೆಳ್ತಂಗಡಿಯಲ್ಲಿ ಹಲ್ಲಿನ ಡಾಕ್ಟರ್ ಆಗಿದ್ದಳು. ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲೇ ಅವಳ ಮನೆ. ಮದುವೆ ಆಗಿರಲಿಲ್ಲ. ವಾರವಿಡೀ ಬೇರೆಯವರ ಬಾಯಿಗೆ ಬಗ್ಗಿ ಕೂತವಳು ಭಾನುವಾರ ಬೆಳಿಗ್ಗೆ ನನಗೆ ಫೋನ್ ಮಾಡುತ್ತಿದ್ದಳು. "ಹೊರಟೆಯಾ? ಗಾಳಿ ಏಳುವುದರೊಳಗೆ ಹಾಯಿ ಕಟ್ಟಬೇಕು." ಮೂಡುಬಿದಿರೆಯ ಎಲೆಕ್ಟ್ರಿಕ್ ಅಂಗಡಿಗೆ ಬೀಗ ಹಾಕಿ ನಾನು ಬಂಟ್ವಾಳಕ್ಕೆ ಹೋಗುತ್ತಿದ್ದೆ.

ಅಣೆಕಟ್ಟಿಗೆ ಹಲಗೆ ಹಾಕಿ ನೀರು ತಡೆದ ಮೇಲೆ ಬಂಟ್ವಾಳದ ಹತ್ತಿರ ನೇತ್ರಾವತಿ ಅಗಲವಾಗಿ ನಿಲ್ಲುತ್ತದೆ. ಮಧ್ಯಾಹ್ನ ಕಡಲಿನ ಗಾಳಿ ಹೊಳೆಯ ಮೇಲೆಯೇ ಒಳಗೆ ಬರುತ್ತದೆ. ಆ ನೀರಲ್ಲಿ ಹಾಯಿದೋಣಿ ಓಡಿಸುವವರು ನಾವು ಕೆಲವೇ ಜನ. ಅಕ್ಕ ಮಂಗಳೂರಿನಲ್ಲಿ ಓದುವಾಗ ಇದನ್ನು ಕಲಿತವಳು. ನಾನು ಅವಳಿಂದ ಕಲಿತೆ. ಇಬ್ಬರು ಕೂರುವ ದೋಣಿ ನಮ್ಮದು. ಹಿಂದೆ ಚುಕ್ಕಾಣಿ ಹಿಡಿದು ಅಕ್ಕ, ಎದುರಿನ ಸಣ್ಣ ಹಾಯಿ ನೋಡಿಕೊಂಡು ನಾನು.

ಆ ಭಾನುವಾರ ಸೀಸನ್ನಿನ ಕೊನೆಯ ರೇಸು. ಗಾಳಿ ಬೆನ್ನಿಗಿತ್ತು. ಅಣೆಕಟ್ಟಿನ ಕಡೆಯಿಂದ ಪೇಟೆಯ ಕಡೆಗೆ ಬಂದು, ನೀರಲ್ಲಿ ತೇಲಿಬಿಟ್ಟ ಕಿತ್ತಳೆ ಬಣ್ಣದ ಗಾಳಿಚೀಲವನ್ನು ಎಡಕ್ಕೆ ಇಟ್ಟು ಸುತ್ತಿ, ಗಾಳಿಗೆದುರಾಗಿ ವಾಪಸು ಹೋಗಬೇಕು. ಆ ಚೀಲವನ್ನು ನಾವು ಮಾರ್ಕ್ ಅನ್ನುತ್ತಿದ್ದೆವು. ನಮ್ಮ ಬಲಕ್ಕೆ ಇನ್ನೊಂದು ದೋಣಿ ಇತ್ತು. ಅದರ ಚುಕ್ಕಾಣಿ ಹಿಡಿದವರು ಬಂಟ್ವಾಳದ ಒಬ್ಬ ನಿವೃತ್ತ ಎಂಜಿನಿಯರ್. ಒಳ್ಳೆಯ ಮನುಷ್ಯ, ರೇಸು ಮುಗಿದರೆ ಎಲ್ಲರಿಗೂ ಎಳನೀರು ಕುಡಿಸುವವರು.

ಮಾರ್ಕ್ ಸುತ್ತುವುದಕ್ಕೆ ಒಂದು ನಿಯಮ ಉಂಟು. ಮಾರ್ಕಿಗೆ ಮೂರು ದೋಣಿಯುದ್ದ ದೂರಕ್ಕೆ ಬರುವಾಗ ಎರಡು ದೋಣಿಗಳು ಅಕ್ಕಪಕ್ಕ ಇದ್ದರೆ, ಒಳಗಿನ, ಅಂದರೆ ಮಾರ್ಕಿನ ಕಡೆಯ ದೋಣಿಗೆ ಸುತ್ತುವಷ್ಟು ಜಾಗವನ್ನು ಹೊರಗಿನದು ಬಿಟ್ಟುಕೊಡಬೇಕು. ನಾವು ಒಳಗಿದ್ದೆವು. ಅಕ್ಕ ಸ್ಪಷ್ಟವಾಗಿ ಕೂಗಿದಳು, "ಜಾಗ! ನಾವು ಒಳಗೆ!"

"ಇಲ್ಲ, ನೀವು ಹಿಂದೆ!" ಅಂತ ಆ ಕಡೆಯಿಂದ ಕೂಗು ಬಂತು.

"ಅಕ್ಕಪಕ್ಕ ಉಂಟು, ಸರ್! ಜಾಗ!"

ಅವರು ದೋಣಿಯನ್ನು ಹೊರಗೆ ಒಯ್ಯಲಿಲ್ಲ. ನಾನು ನನ್ನ ಹಾಯಿಯ ಹಗ್ಗ ಎಳೆಯುತ್ತಿದ್ದೆ. ಮೊದಲು ದೋಣಿ ನಡುಗಿತು, ಆಮೇಲೆ ಮರ ಸೀಳಿದಂಥ ಸದ್ದು. ತಿರುಗಿ ನೋಡಿದರೆ ಎರಡು ದೋಣಿಗಳ ಅಂಚುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು, ನಡುವೆ ಅಕ್ಕನ ಬಲಗೈ ಇತ್ತು. ತಳ್ಳುವುದಕ್ಕೆಂದು ಚಾಚಿದ ಕೈ. ಅವಳು ಕಿರುಚಲಿಲ್ಲ. "ತೆಗಿ ಮಾರಾಯ, ದೋಣಿ ತೆಗಿ," ಅಂದಳು, ಯಾರಿಗೋ ಬಾಗಿಲು ತೆಗೆಯಲು ಹೇಳಿದ ಹಾಗೆ.

ಎಂಜಿನಿಯರ್ ತಮ್ಮ ಕಾರಿನಲ್ಲೇ ನಮ್ಮನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅವರ ಕಣ್ಣಲ್ಲಿ ನೀರು. ಹೆಬ್ಬೆರಳಿನ ಬುಡದ ಮೂಳೆ ಪುಡಿಯಾಗಿತ್ತು, ತೋರುಬೆರಳಿನ ನರ ಹರಿದಿತ್ತು. ಹೊಲಿದ ಸರ್ಜನ್ ಅಕ್ಕನ ಕೆಲಸ ಏನೆಂದು ಕೇಳಿದರು. ಅವಳು ಹೇಳಿದಳು. ಅವರು ಆಮೇಲೆ ಅವಳ ಮುಖ ನೋಡಲಿಲ್ಲ, ಎಕ್ಸ್‌ರೇ ನೋಡುತ್ತಲೇ ಮಾತಾಡಿದರು.

ಅಕ್ಕ ರೇಸಿನ ಸಮಿತಿಗೆ ದೂರು ಕೊಟ್ಟಳು. ದಂಡಕ್ಕಲ್ಲ, ಸೇಡಿಗೂ ಅಲ್ಲ. "ಅಲ್ಲಿ ಜಾಗ ನಮ್ಮದಿತ್ತು ಅಂತ ಯಾರಾದರೂ ಹೇಳಬೇಕಷ್ಟೆ," ಅಂದಳು. ವಿಚಾರಣೆಯನ್ನು ಅವಳು ಆಸ್ಪತ್ರೆಯಿಂದ ಬರುವವರೆಗೆ ಮುಂದೆ ಹಾಕಿದ್ದರು. ಹೊಳೆದಂಡೆಯ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಮೂವರು ತೀರ್ಪುಗಾರರು ಕೂತರು. ಮೇಜಿನ ಮೇಲೆ ಬೆಂಕಿಪೊಟ್ಟಣಗಳನ್ನೇ ದೋಣಿ ಮಾಡಿ ಸರಿಸಿ ಸರಿಸಿ ನೋಡಿದರು. ಹೊತ್ತು ಮುಳುಗುತ್ತಾ ಬಂತು. ನಮ್ಮದು ಜೈನರ ಮನೆ, ಕತ್ತಲಾದ ಮೇಲೆ ಅಕ್ಕ ಉಣ್ಣುವುದಿಲ್ಲ. ಯಾರೋ ಬನ್ಸ್ ತಂದಿಟ್ಟರು, ಅವಳು ಮುಟ್ಟಲಿಲ್ಲ.

ದಂಡೆಯಿಂದ ನೋಡಿದ ಇಬ್ಬರು ದೋಣಿಗಳು ಅಕ್ಕಪಕ್ಕ ಇದ್ದವು ಎಂದೇ ಹೇಳಿದರು. ಎಂಜಿನಿಯರ್ ತಲೆ ತಗ್ಗಿಸಿದರು. "ನನಗೆ ಹಾಗೆ ಕಂಡಿರಲಿಲ್ಲ. ಆದರೆ ಇವರಿಬ್ಬರೂ ಸುಳ್ಳು ಹೇಳುವವರಲ್ಲ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆಗ ತೀರ್ಪುಗಾರರಲ್ಲಿ ಹಿರಿಯರು ಅಕ್ಕನನ್ನು ಕೇಳಿದರು, "ಡಾಕ್ಟ್ರೇ, ಅವರು ಜಾಗ ಬಿಡುವುದಿಲ್ಲ ಅಂತ ನಿಮಗೆ ಯಾವಾಗ ಗೊತ್ತಾಯಿತು?"

"ಸ್ವಲ್ಪ ಮೊದಲೇ ಗೊತ್ತಾಯಿತು."

"ತಪ್ಪಿಸಿಕೊಳ್ಳಲು ಆಗುತ್ತಿತ್ತಾ?"

ನಾನು ಅವಳ ಮುಖ ನೋಡಿದೆ. ಆಗುತ್ತಿರಲಿಲ್ಲ ಎಂಬ ಒಂದು ಮಾತು ಸಾಕಿತ್ತು. ಅದನ್ನು ಸುಳ್ಳೆಂದು ಸಾಧಿಸುವವರು ಅಲ್ಲಿ ಯಾರೂ ಇರಲಿಲ್ಲ.

"ಮಾರ್ಕ್ ಬಿಟ್ಟು ಎಡಕ್ಕೆ ಹೋಗಿದ್ದರೆ ಆಗುತ್ತಿತ್ತು," ಅಂದಳು ಅಕ್ಕ. "ಆದರೆ ಜಾಗ ನಮ್ಮದಲ್ವಾ? ಬಿಡ್ತಾರೆ ಅಂತ ನಂಬಿದೆ."

ಎರಡೂ ದೋಣಿಗಳನ್ನು ಅನರ್ಹಗೊಳಿಸಿದರು. ಅವರದು ಜಾಗ ಬಿಡದ್ದಕ್ಕೆ. ನಮ್ಮದು, ತಪ್ಪಿಸಬಹುದಾದ ಡಿಕ್ಕಿಯನ್ನು ತಪ್ಪಿಸದೆ ಇದ್ದುದಕ್ಕೆ. ನಿಯಮದ ಪ್ರಕಾರ ಹಕ್ಕು ಇದ್ದವನೂ ಡಿಕ್ಕಿ ತಪ್ಪಿಸಬೇಕು. ಏಟಾಗದಿದ್ದರೆ ಅವನಿಗೆ ಮಾಫಿ ಉಂಟು, ಯಾರಿಗಾದರೂ ಏಟಾದರೆ ಇಲ್ಲ. ಏಟಾದದ್ದು ಅಕ್ಕನಿಗೇ. ಆ ಏಟಿನಿಂದಲೇ ಅವಳು ತಪ್ಪಿತಸ್ಥೆಯಾದಳು. ಹಿರಿಯರು ಇದನ್ನು ಬಹಳ ಮೆತ್ತಗೆ, ಬೇಸರದಿಂದಲೇ ವಿವರಿಸಿದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೇಲ್ಮನವಿಗೆ ಹೋಗುವ ಅಂತ ನಾನು ಹಟ ಮಾಡಿದೆ. ಸಮಿತಿ ನಿಜವೆಂದು ಕಂಡುಕೊಂಡದ್ದನ್ನು ಮೇಲಿನವರು ಮುಟ್ಟುವುದಿಲ್ಲವಂತೆ. "ಅವರು ಕಂಡುಕೊಂಡದ್ದು ಸರಿಯೇ ಉಂಟಲ್ಲ," ಅಂದಳು ಅಕ್ಕ.

ಮಳೆಗಾಲವಿಡೀ ಅವಳು ಎಡಗೈಯಲ್ಲಿ ಕಲಿಯಲು ನೋಡಿದಳು. ಪ್ಲಾಸ್ಟರಿನ ಹಲ್ಲಿನ ಅಚ್ಚನ್ನು ಕಿಟಕಿಯ ಹತ್ತಿರ ಇಟ್ಟು ಕೊರೆಯುತ್ತಿದ್ದಳು. ನಾನು ಹೋದಾಗಲೆಲ್ಲ ಮೇಜಿನ ಮೇಲೆ ಬಿಳಿ ಹುಡಿ ಇರುತ್ತಿತ್ತು. ಅಚ್ಚುಗಳನ್ನು ಅವಳು ತೋರಿಸುತ್ತಿರಲಿಲ್ಲ. ಕ್ಲಿನಿಕ್ಕಿಗೆ ಬಂದವರನ್ನು ಪರೀಕ್ಷಿಸಿ ಬೇರೆ ಡಾಕ್ಟರರ ಹತ್ತಿರ ಕಳಿಸುತ್ತಿದ್ದಳು.

ಒಂದು ದಿನ ನಾನಿರುವಾಗಲೇ ಕಕ್ಕಿಂಜೆಯಿಂದ ಒಬ್ಬರು ವಯಸ್ಸಾದ ಬ್ಯಾರಿ ಹೆಂಗಸು ಬಂದರು. ಅವರ ಮನೆಯವರ ಹಲ್ಲೆಲ್ಲ ಅಕ್ಕನೇ ನೋಡಿದವಳು. ಕೆನ್ನೆ ಊದಿತ್ತು. "ಬೇರೆ ಕಡೆ ನಾನು ಹೋಗುವುದಿಲ್ಲ, ಡಾಕ್ಟ್ರೇ. ನೀವೇ ತೆಗೀರಿ."

"ನನ್ನ ಕೈಯಲ್ಲಿ ಆಗುವುದಿಲ್ಲ, ಅಮ್ಮ."

"ಮೆಲ್ಲ ತೆಗೀರಿ. ನನಗೆ ಅರ್ಜೆಂಟಿಲ್ಲ. ನೋವಾದರೆ ನಾನು ತಡ್ಕೊಳ್ತೇನೆ."

ಅಕ್ಕ ಕೈಗವಸು ಹಾಕಿದಳು. ಬಲಗೈಯ ಎರಡು ಬೆರಳು ಒಳಕ್ಕೆ ಹೋಗದೆ ಗವಸು ಮಡಚಿಕೊಂಡಿತು. ಎಡಗೈಯಿಂದ ಇಕ್ಕಳ ಎತ್ತಿದಳು. ತೆರೆದ ಬಾಯಿಯ ಮೇಲೆ ಇಕ್ಕಳ ನಡುಗುತ್ತಾ ನಿಂತಿತು. ಆ ಹೆಂಗಸು ಕಣ್ಣು ಮುಚ್ಚಿಕೊಂಡು ನಂಬಿ ಕಾಯುತ್ತಿದ್ದರು. ಅಕ್ಕ ಇಕ್ಕಳವನ್ನು ತಟ್ಟೆಗೆ ಹಾಕಿ, ಲೈಟ್ ಆರಿಸಿ ಒಳಗೆ ಹೋದಳು. ನಾನೇ ಅವರನ್ನು ಕಾರಿನಲ್ಲಿ ಇನ್ನೊಬ್ಬ ಡಾಕ್ಟರರ ಹತ್ತಿರ ಬಿಟ್ಟುಬಂದೆ. "ನನ್ನಿಂದ ಬೇಜಾರಾಯಿತಾ ಅವರಿಗೆ?" ಅಂತ ದಾರಿಯುದ್ದಕ್ಕೂ ಕೇಳುತ್ತಿದ್ದರು.

ಆ ವಾರವೇ ಅಕ್ಕ ಕ್ಲಿನಿಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ಹೊಸಬರು ಒಳ್ಳೆಯವರೇ, ಕುರ್ಚಿಯ ಜಾಗ ಮಾತ್ರ ಬದಲಿಸಿದ್ದಾರೆ. ಮೇಲಿನ ಮನೆಯಲ್ಲಿ ಅಕ್ಕ ಹಾಗೆಯೇ ಇದ್ದಾಳೆ. ಕೆಳಗೆ ಯಂತ್ರ ಕೊರೆಯುವ ಸದ್ದು ಮೇಲೆ ಕೇಳುತ್ತದೆ. ಮೂಡುಬಿದಿರೆಗೆ ಬಾ ಅಂತ ಎಷ್ಟೋ ಸಲ ಕರೆದೆ. "ಅಲ್ಲಿ ಬಂದು ಏನು ಮಾಡಲಿ?" ಅನ್ನುತ್ತಾಳೆ.

ಎಂಜಿನಿಯರ್ ಈಗ ದೋಣಿ ಹತ್ತುವುದಿಲ್ಲ. ಆಗಾಗ ಹಣ್ಣು ತೆಗೆದುಕೊಂಡು ಅಕ್ಕನನ್ನು ನೋಡಲು ಬರುತ್ತಾರೆ. ಇಬ್ಬರೂ ಹವಾಮಾನದ ಬಗ್ಗೆ ಮಾತಾಡುತ್ತಾರೆ. ನಾನು ಇನ್ನೊಬ್ಬರ ಜೊತೆ ಒಂದೆರಡು ಸಲ ರೇಸಿಗೆ ಇಳಿದೆ. ಮಾರ್ಕ್ ಹತ್ತಿರ ಬಂದಾಗ ಜಾಗ ಅಂತ ಕೂಗಲು ಆಗಲಿಲ್ಲ. ಬಿಟ್ಟುಬಿಟ್ಟೆ.

ಮೊದಲೆಲ್ಲ ಮಧ್ಯಾಹ್ನ ಹೊತ್ತು ಮಲಗುವವರನ್ನು ಕಂಡರೆ ಅಕ್ಕ ನಗುತ್ತಿದ್ದಳು. ಈಗ ಆ ಹೊತ್ತಿಗೆ ಫೋನ್ ಮಾಡಿದರೆ ನಿದ್ದೆಯಲ್ಲಿರುತ್ತಾಳೆ. ಬಹಳ ರಿಂಗಾದ ಮೇಲೆ ಎತ್ತುತ್ತಾಳೆ. "ಏನಿಲ್ಲ, ಸುಮ್ಮನೆ ಮಾಡಿದೆ," ಅನ್ನುತ್ತೇನೆ. "ಹೂಂ," ಅಂದು ಇಡುತ್ತಾಳೆ.