ದಾಸಪ್ಪ ಭಾವ ಕೇಳಿದ್ದ ನೀರು

ನಮ್ಮ ಸಾತನೂರಿನ ಕಡೆ ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಲಿ ಹೋಗುವುದಿಲ್ಲ. ಒಂದು ಬ್ರೆಡ್ಡು, ಒಂದೆರಡು ಎಳನೀರು, ಜೊತೆಗೊಬ್ಬ ಡಾಕ್ಟರ ಹೆಸರು ಹಿಡಿದುಕೊಂಡು ಹೋಗುತ್ತಾರೆ. ಬ್ರೆಡ್ಡು ಪಕ್ಕದ ಮನೆಯ ಮಕ್ಕಳ ಪಾಲು, ಎಳನೀರು ಆಮೇಲೆ ಬಂದ ನೆಂಟರ ಪಾಲು. ಕಾಯಿಲೆಯವನಿಗೆ ಉಳಿಯುವುದು ಡಾಕ್ಟರ ಹೆಸರೊಂದೇ. ಆ ಮಳೆಗಾಲದಲ್ಲಿ ನನ್ನ ಭಾವ ದಾಸಪ್ಪನ ಪಾಲಿಗೆ ಬಂದ ಡಾಕ್ಟರುಗಳನ್ನೆಲ್ಲ ಸೇರಿಸಿದ್ದರೆ ಸಾತನೂರಿಗೊಂದು ಮೆಡಿಕಲ್ ಕಾಲೇಜು ಆಗಿಬಿಡುತ್ತಿತ್ತು.

ಭಾವ ಅಂದರೆ ನಮ್ಮ ಅಕ್ಕ ಚಿಕ್ಕಲಕ್ಷ್ಮಮ್ಮನ ಗಂಡ. ಊರಿಗೆ ಅವನು ಶೀಟಿನ ದಾಸಪ್ಪ. ಕನಕಪುರ ತಾಲ್ಲೂಕಿನಲ್ಲಿ ರೇಷ್ಮೆ ಹುಳದ ಮನೆ, ದನದ ಕೊಟ್ಟಿಗೆ, ಕೋಳಿ ಫಾರಂ ಯಾವುದೇ ಇರಲಿ, ಮೇಲೆ ಸಿಮೆಂಟ್ ಶೀಟು ಹೊದ್ದಿದ್ದರೆ ಅದಕ್ಕೆ ತೂತು ಕೊರೆದು ಬೋಲ್ಟು ಬಿಗಿದವನು ಹೆಚ್ಚು ಕಡಿಮೆ ಅವನೇ. ಕಟ್ಟರ್ ಹಿಡಿದು ಶೀಟು ಕೊಯ್ಯಲು ನಿಂತನೆಂದರೆ ಎದ್ದ ಬಿಳಿ ಧೂಳಿನಲ್ಲಿ ಆಳೇ ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಸಂಜೆ ಬಂದವನನ್ನು ಅಕ್ಕ ಬಾಗಿಲಾಚೆಯೇ ನಿಲ್ಲಿಸಿ, ಅಂಗಿ ಬಿಚ್ಚಿಸಿ, ಒದರಿ, ಆಮೇಲೆ ಒಳಗೆ ಬಿಡುತ್ತಿದ್ದಳು.

ಮೂಗಿಗೊಂದು ಬಟ್ಟೆ ಕಟ್ಟಿಕೊ ಅಂದರೆ ಭಾವ ನಗುತ್ತಿದ್ದ. ಜೇಬಿನಲ್ಲಿ ಸದಾ ಒಂದು ಬೆಲ್ಲದ ಉಂಡೆ ಇರುತ್ತಿತ್ತು. ಗಂಟಲಿಗಿಳಿದ ಧೂಳನ್ನು ಬೆಲ್ಲ ಹೊಟ್ಟೆಗೆ ಎಳೆದುಕೊಂಡು ಹೋಗುತ್ತದೆ, ಬೆಳಿಗ್ಗೆ ಆಚೆಗೆ ಹೋಗಿಬಿಡುತ್ತದೆ ಎಂಬುದು ಶೀಟಿನವರೆಲ್ಲರ ನಂಬಿಕೆ. "ಲೇ ಪ್ರಕಾಶ, ಬಟ್ಟೆ ಕಟ್ಕಂಡ್ರೆ ಉಸಿರು ಕಟ್ಟತದೆ ಕಣ್ಲಾ. ಬೆಲ್ಲ ತಿಂದ್ರೆ ಬಾಯಾದ್ರೂ ಸಿಹಿ ಆಯ್ತದೆ," ಅನ್ನುತ್ತಿದ್ದ. ಮೂವತ್ತು ವರ್ಷ ಬೆಲ್ಲ ತಿಂದ. ಧೂಳು ಹೊಟ್ಟೆಗೆ ಹೋಗಲಿಲ್ಲ. ಎದೆಯಲ್ಲೇ ಕೂತಿತು.

ಮೊದಲು ಮೆಟ್ಟಿಲು ಹತ್ತಲು ಆಗದಾಯಿತು, ಆಮೇಲೆ ನಡುಮನೆಯಿಂದ ಜಗಲಿಗೆ ನಡೆಯಲೂ ಆಗದಾಯಿತು. ಬೆಂಗಳೂರಿನಲ್ಲಿ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು, ತುಣುಕು ತೆಗೆದು ಪರೀಕ್ಷೆ ಮಾಡಿದರು. ಶ್ವಾಸಕೋಶದ ಹೊದಿಕೆಗೇ ಕ್ಯಾನ್ಸರ್. ಶೀಟಿನೊಳಗಿನ ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಎಳೆ ಎಂದೋ ಒಳಗೆ ಹೋದದ್ದು ಈಗ ಹೀಗಾಗಿದೆ ಅಂದರು. ತುಂಬ ಮುಂದೆ ಹೋಗಿದೆ, ಆಪರೇಷನ್ ಆಗುವುದಿಲ್ಲ, ನೋವಿಲ್ಲದ ಹಾಗೆ ನೋಡಿಕೊಳ್ಳಿ ಅಂತಲೂ ಅಂದರು.

ನೋಡಲು ಬಂದವರು ಯಾರೂ ಇದನ್ನು ಒಪ್ಪಲಿಲ್ಲ. ಭಾವನ ಮನೆಯ ಮೇಲಿದ್ದದ್ದೂ ಶೀಟೇ. ಅದರ ಕೆಳಗೆ ಜಗಲಿಯಲ್ಲಿ ಕೂತು, ತಲೆಯೆತ್ತಿ ಒಂದು ಸಲ ನೋಡಿ, ತಮ್ಮ ತಮ್ಮ ಹುಳದ ಮನೆ ನೆನಪಾಗಿ, "ಶೀಟಿಂದ ಎಲ್ಲಾರ ಬತ್ತದಾ? ಬೀಡಿ ಸೇದಿರ್ತಾನೆ ಬುಡಿ," ಅಂದರು. ಭಾವ ಜನ್ಮದಲ್ಲಿ ಬೀಡಿ ಮುಟ್ಟಿದವನಲ್ಲ.

ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಗವಿಸಿದ್ದಯ್ಯನವರು. ಸಾತನೂರಿನಲ್ಲಿ ಅವರದು ಹಾರ್ಡ್‌ವೇರ್ ಅಂಗಡಿ. ಶೀಟು ಮಾರುತ್ತಿದ್ದವರು ಅವರು, ಹೊದಿಸುತ್ತಿದ್ದವನು ಭಾವ. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಎದೆಯ ಜೇಬಿನಲ್ಲಿ ಎರಡು ಫೋನು. ಒಂದು ಜನಸಾಮಾನ್ಯರಿಗೆ, ಇನ್ನೊಂದು ದೊಡ್ಡವರಿಗೆ. ಆ ಎರಡನೆಯದು ಹೊಡೆದುಕೊಂಡದ್ದನ್ನು ನಾನು ಕೇಳಿಲ್ಲ, ಆದರೆ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. "ದಾಸಪ್ಪ ನನ್ ಮನೆ ಮಗ ಇದ್ದಂಗೆ. ಎಂಥಾ ಆಸ್ಪತ್ರೆಗಾದ್ರೂ ಸರಿ, ಬೆಡ್ ಮಾಡಿಸ್ತೀನಿ," ಅಂದರು. ಅಂದದ್ದು ಸುಳ್ಳಲ್ಲ, ಕಣ್ಣಿನಲ್ಲಿ ನೀರೂ ಇತ್ತು. ನಮ್ಮ ಕಷ್ಟವೇ ಅದು.

ಕನಕಪುರದ ಕಡೆಯಿಂದ ನೋವಿನ ಮದ್ದು ಕೊಡಲು ಮನೆಗೇ ಬರುತ್ತಿದ್ದ ಸಿಸ್ಟರ್ ಮುಬಶ್ಶಿರಾ ಮಾತ್ರ ಬ್ರೆಡ್ಡನ್ನೂ ತರಲಿಲ್ಲ, ಡಾಕ್ಟರ ಹೆಸರನ್ನೂ ತರಲಿಲ್ಲ. ಭಾವನ ಮಂಚದ ಪಕ್ಕ ಚಾಪೆ ಮೇಲೆ ಕೂತು, "ಅಣ್ಣಾ, ಮುಂದೆ ಹೆಂಗಿರಬೇಕು ಅಂತ ನಿಮಗೆ ಮನಸ್ಸು?" ಎಂದು ನೇರ ಕೇಳಿಬಿಟ್ಟಳು.

ಅಕ್ಕ ಗಾಬರಿಯಾದಳು. ಕಾಯಿಲೆಯ ಹೆಸರೇ ಅವನಿಗೆ ಗೊತ್ತಾಗಬಾರದೆಂದು ನಾವೆಲ್ಲ ಮುಚ್ಚಿಟ್ಟಿದ್ದೆವು. ಭಾವ ಉಸಿರು ಕೂಡಿಸಿಕೊಂಡು ಹೇಳಿದ: "ಇವ್ರೆಲ್ಲ ನಂಗೆ ಗೊತ್ತಿಲ್ಲ ಅಂದ್ಕಂಡವ್ರೆ. ಅವ್ರಿಗೆ ಬೇಜಾರಾಯ್ತದೆ ಅಂತ ನಾನೂ ಸುಮ್ಕಿವ್ನಿ."

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭಾವ ಅವಳ ಕಡೆಗೇ ತಿರುಗಿದ. "ಅಳಬ್ಯಾಡ, ಒಸಿ ಕೇಳು. ನಮಗೆ ಮಕ್ಕಳಿಲ್ಲ. ಬಾಯಿಗೆ ನೀರು ಬುಡೋಳು ನೀನೊಬ್ಳೆ. ಐಸಿಯುನಲ್ಲಿ ಮಲಗಿಸ್ಬುಟ್ರೆ ನೀನು ಗಾಜಿನಾಚೆ, ನಾನು ಈಚೆ. ನಡುಮನೇಲಿ ಚಾಪೆ ಹಾಕು. ಉಸಿರು ಮೇಲಕ್ಕೆ ಹತ್ತಿದಾಗ ಒಂದು ಗುಟುಕು ನೀರು ಬುಡು. ಅಷ್ಟೇ ಕಣೆ."

"ಆಯ್ತು," ಅಂದಳು ಅಕ್ಕ, ಸೆರಗಿನಲ್ಲಿ ಕಣ್ಣೊರೆಸಿಕೊಂಡು.

ಉಸಿರಾಟ ಕೆಟ್ಟಾಗ ಕೊಡಬೇಕಾದ ಮದ್ದು ತೋರಿಸಿ, ಯಾವ ಹೊತ್ತಿಗಾದರೂ ತನಗೆ ಫೋನ್ ಮಾಡಿ ಎಂದು ಹೇಳಿ ಸಿಸ್ಟರ್ ಹೋದಳು. ಅಕ್ಕ ಹಿತ್ತಾಳೆ ತಂಬಿಗೆ ಬೆಳಗಿ, ನೀರು ತುಂಬಿ, ದೇವರ ಗೂಡಿನ ಕೆಳಗಿಟ್ಟಳು. ಪ್ರತಿದಿನ ಬೆಳಿಗ್ಗೆ ಹಳೇ ನೀರು ತುಳಸಿಗೆ ಹಾಕಿ ಹೊಸ ನೀರು ತುಂಬುತ್ತಿದ್ದಳು.

ಆ ದಿನ ಬೆಳಿಗ್ಗೆಯೇ ಭಾವನಿಗೆ ಮೇಲುಸಿರು ಶುರುವಾಯಿತು. ಅಕ್ಕ ಮದ್ದು ಕೊಟ್ಟಳು, ನಾನು ಸಿಸ್ಟರಿಗೆ ಫೋನ್ ಮಾಡಿದೆ. ಅವಳು ಹೊರಟಿದ್ದೀನಿ ಅಂದಳು. ಚಾಪೆ ಹಾಸಿ ಭಾವನನ್ನು ನಡುಮನೆಗೆ ಇಳಿಸಿದೆವು. ಅವನ ಮುಖ ಸ್ವಲ್ಪ ಸಡಿಲವಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಸೈರನ್ನು.

ಸುದ್ದಿ ಹೇಗೋ ಅಂಗಡಿಗೆ ಮುಟ್ಟಿ, ಸಿಸ್ಟರಿಗಿಂತ ಮೊದಲು ಗವಿಸಿದ್ದಯ್ಯನವರು ಬಂದಿದ್ದರು, ಹಿಂದೆ ಆಂಬುಲೆನ್ಸು. "ಬೆಡ್ ಸಿಕ್ತು! ಬೆಂಗ್ಳೂರಲ್ಲಿ ಐಸಿಯು! ಎಂಥೆಂಥೋರಿಗೆ ಸಿಗಲ್ಲ, ನಮ್ಮ ದಾಸಪ್ಪನಿಗೆ ಸಿಕ್ತು!" ಎಂದು ಜಗಲಿಯಲ್ಲಿ ನಿಂತು ಸಾರಿದರು. ಸೈರನ್ ಕೇಳಿ ಓಣಿಗೆ ಓಣಿಯೇ ಸೇರಿತು.

"ಬ್ಯಾಡ ಯಜಮಾನ್ರೇ," ಅಂದಳು ಅಕ್ಕ. "ಅವ್ರೇ ಬ್ಯಾಡ ಅಂದವ್ರೆ."

"ಕಾಯಿಲೆಯೋರು ಹಂಗೇ ಅಂತಾರಮ್ಮ. ನಾಳೆ ಜನ ಏನಂತಾರೆ? ಬೆಡ್ ಇದ್ರೂ ಸೇರಿಸ್ದೆ ಸಾಯಿಸ್ಬುಟ್ಲು ಅನ್ನಲ್ವಾ?"

ಜನ ಅಲ್ಲೇ ನಿಂತಿದ್ದರು. ಯಾರೂ ಏನೂ ಅನ್ನಲಿಲ್ಲ, ಸುಮ್ಮನೆ ಅಕ್ಕನನ್ನು ನೋಡಿದರು. ನಾನು ಅಡ್ಡ ನಿಂತು, ಡಾಕ್ಟರೇ ಮನೆಯಲ್ಲಿರಲಿ ಅಂದಿದ್ದಾರೆ ಎಂದೆ. "ನೀವು ಪೇಪರಿಗೆ ಬರೆಯೋರು, ಬರ್ಕಂಡಿರಿ ಪ್ರಕಾಶ್. ಇದು ಜೀವದ ವಿಚಾರ," ಅಂದರು ಗವಿಸಿದ್ದಯ್ಯ. ಅಷ್ಟರಲ್ಲಿ ಸ್ಟ್ರೆಚರ್ ನನ್ನ ಪಕ್ಕದಿಂದಲೇ ಒಳಗೆ ಹೋಗಿಯಾಗಿತ್ತು. ಭಾವ ಬೇಡವೆಂದು ಕೈ ಆಡಿಸಿದ. ಜನ ಅದನ್ನು ನಮಸ್ಕಾರ ಅಂದುಕೊಂಡು ಕೈಮುಗಿದರು.

ಅಕ್ಕ ಒಳಗೆ ಓಡಿ ತಂಬಿಗೆ ಎತ್ತಿಕೊಂಡು ಬಂದು ಆಂಬುಲೆನ್ಸ್ ಹತ್ತಿದಳು. ನಾನೂ ಹತ್ತಿದೆ.

ಗವಿಸಿದ್ದಯ್ಯನವರ ಕಾರು ಮುಂದೆ, ನಾವು ಹಿಂದೆ. ಕನಕಪುರ ದಾಟಿತು. ಭಾವ ಮಾಸ್ಕಿನೊಳಗಿಂದ ಅಕ್ಕನನ್ನೇ ನೋಡುತ್ತಿದ್ದ. ಅಕ್ಕ ತಂಬಿಗೆ ಮುಂದೆ ಹಿಡಿದಳು. ಆಂಬುಲೆನ್ಸಿನವನು ಕೈ ಅಡ್ಡ ಹಾಕಿದ. "ಅಮ್ಮಾ, ನೀರು ಕೊಡಂಗಿಲ್ಲ. ಮಾಸ್ಕ್ ತೆಗೆಯೋ ಹಂಗಿಲ್ಲ. ಏನಾರ ಆದ್ರೆ ನನ್ ಮೇಲೆ ಬತ್ತದೆ."

"ಒಂದೇ ಗುಟುಕು ಕಣಪ್ಪ."

"ಆಸ್ಪತ್ರೇಲಿ ಕೇಳಿ."

ಅಕ್ಕ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಯಿಂದ ಬಾಯಿ ಮುಚ್ಚಿ ಹಿಡಿದಳು. ರಸ್ತೆಯ ಒಂದೊಂದು ಉಬ್ಬಿಗೂ ಅವಳ ಬೆರಳ ಸಂದಿಯಿಂದ ನೀರು ತುಳುಕಿ ಸೀರೆ ನೆನೆಯಿತು. ಹಾರೋಹಳ್ಳಿಯಲ್ಲಿ ಶಿಫ್ಟು ಬದಲಾಗುವ ಹೊತ್ತು. ಫ್ಯಾಕ್ಟರಿ ಬಸ್ಸುಗಳ ನಡುವೆ ಆಂಬುಲೆನ್ಸು ಸಿಕ್ಕಿಕೊಂಡು ಸುಮ್ಮನೆ ಕೂಗುತ್ತಾ ನಿಂತಿತು. ಕಿಟಕಿಯಾಚೆ ಸಾಲು ಸಾಲು ಶೆಡ್ಡುಗಳು. ಭಾವನ ಎದೆ ಒಮ್ಮೆ ಎದ್ದಿತು. ಮತ್ತೆ ಏಳಲಿಲ್ಲ.

ಆಂಬುಲೆನ್ಸಿನವನು ಕೈ ಹಿಡಿದು ನೋಡಿದ, ಕಣ್ಣು ಬಿಡಿಸಿ ನೋಡಿದ. ಆಮೇಲೆ ತಾನೇ ಮಾಸ್ಕ್ ತೆಗೆದು ಪಕ್ಕಕ್ಕೆ ಸರಿದ.

"ಈಗ ಬಿಡಿ ಅಮ್ಮಾ," ಅಂದ.

ತಂಬಿಗೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಅಕ್ಕ ಅವನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು, ತುಟಿ ಬಿಡಿಸಿ, ನಿಧಾನವಾಗಿ ಬಿಟ್ಟಳು. ನೀರು ಒಳಗೆ ಇಳಿಯಲಿಲ್ಲ. ಬಾಯಿಯ ಅಂಚಿನಿಂದ ಹರಿದು ಕುತ್ತಿಗೆಗೆ ಬಂತು. ಅವಳು ಸೆರಗಿನಿಂದ ಒರೆಸಿ ಮತ್ತೆ ಬಿಟ್ಟಳು.

ನನ್ನ ಫೋನು ಹೊಡೆದುಕೊಂಡಿತು. ಮುಂದಿನ ಕಾರಿನಿಂದ ಗವಿಸಿದ್ದಯ್ಯನವರು.

"ಪ್ರಕಾಶ್, ಗಾಬರಿ ಬ್ಯಾಡ ಅಂತ ದಾಸಪ್ಪನಿಗೆ ಹೇಳಿ. ಆಸ್ಪತ್ರೆಯೋರ ಜೊತೆ ಈಗ್ತಾನೇ ಮಾತಾಡ್ದೆ. ಬೆಡ್ ಹಂಗೇ ಇಟ್ಟವ್ರೆ, ಬೇರೆ ಯಾರ್ಗೂ ಕೊಟ್ಟಿಲ್ಲ."