ಭತ್ತದ ಹೊಟ್ಟಿನ ಗುಂಡಿ

ನಾನು ಸಿಂಧನೂರಿನ ಅಕ್ಕಿ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಹೆಂಡತಿ ಲಿಂಗಸುಗೂರಿನ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ನಡುವೆ ಮಸ್ಕಿ ಇರುವುದರಿಂದ ಮನೆ ಮಸ್ಕಿಯಲ್ಲಿ. ಬೆಳಿಗ್ಗೆ ಇಬ್ಬರೂ ಜೊತೆಯಾಗಿ ಬಸ್ ಸ್ಟ್ಯಾಂಡಿಗೆ ಹೋಗಿ ಒಬ್ಬರು ಆ ಕಡೆಗೆ, ಇನ್ನೊಬ್ಬರು ಈ ಕಡೆಗೆ ಹತ್ತುತ್ತೇವೆ. ಅವಳ ಬಸ್ಸು ಮೊದಲು ಬಂದರೆ ನಾನು ಬಗ್ಗಿ ಅದರ ಟೈರು ನೋಡುತ್ತೇನೆ. ಸವೆದಿದ್ದರೆ, ಆವತ್ತು ನಾನು ಬರೆದ ಲೆಕ್ಕವನ್ನು ಸಂಜೆ ಇನ್ನೊಬ್ಬರು ಕೂತು ತಿದ್ದಬೇಕು. ಇಂಥವನಿಗೆ ದೇವರು ಟ್ರಿಪಲ್ ಜಂಪ್ ಚಾಂಪಿಯನ್ ಒಬ್ಬಳನ್ನು ಗಂಟು ಹಾಕಿದ.

ಈ ಆಟ ನೋಡದವರಿಗೆ ಹೇಳಿಬಿಡುತ್ತೇನೆ. ಜೋರಾಗಿ ಓಡಿಬಂದು, ನೆಲಕ್ಕೆ ಹುಗಿದ ಹಲಗೆಯ ಮೇಲೆ ಕಾಲಿಟ್ಟು ಹಾರಬೇಕು. ಹಾರಿದ ಕಾಲಿನ ಮೇಲೆಯೇ ಇಳಿಯಬೇಕು. ಇಳಿದು ನಿಲ್ಲುವಂತಿಲ್ಲ, ಮತ್ತೆ ಹಾರಿ ಇನ್ನೊಂದು ಕಾಲಿನ ಮೇಲೆ ಇಳಿಯಬೇಕು. ಅಲ್ಲಿಂದ ಮತ್ತೆ ಹಾರಿ ಉಸುಕಿನ ಗುಂಡಿಯಲ್ಲಿ ಬೀಳಬೇಕು. ಮನುಷ್ಯನ ಮೊಣಕಾಲಿನ ಮೇಲೆ ಯಾರಿಗೋ ಸಿಟ್ಟಿದ್ದು ಕಂಡುಹಿಡಿದ ಆಟ ಎಂದು ನನ್ನ ಗಟ್ಟಿ ಅಭಿಪ್ರಾಯ.

ಕನ್ಯೆ ನೋಡಲು ಹಟ್ಟಿಯ ಕಂಪನಿ ಕ್ವಾರ್ಟರ್ಸಿಗೆ ಹೋಗಿದ್ದೆವು. ಅವಳ ಅಪ್ಪ ಅಲ್ಲಿನ ಚಿನ್ನದ ಗಣಿಯ ಕೆಲಸಗಾರರು. ಆಗಷ್ಟೇ ಶಿಫ್ಟ್ ಮುಗಿಸಿ ಬಂದು ನಿದ್ದೆಗಣ್ಣಿನಲ್ಲಿ ನಮಗೆ ಉಪ್ಪಿಟ್ಟು ಬಡಿಸಿದರು. ಗೋಡೆಯ ಗೂಡಿನ ತುಂಬ ಅವಳು ಗೆದ್ದ ಕಪ್ಪುಗಳು. ಕಂಪನಿಯ ಮೈದಾನದಲ್ಲಿ ಶುರುವಾದ ಅವಳ ಜಿಗಿತ ಯೂನಿವರ್ಸಿಟಿ ದಾಟಿ ರಾಜ್ಯದ ಚಾಂಪಿಯನ್ ಎನ್ನುವವರೆಗೆ ಬಂದಿತ್ತು. ಏನಾದರೂ ಕೇಳಪ್ಪ ಎಂದು ಹಿರಿಯರು ಒತ್ತಾಯಿಸಿದಾಗ ನನಗೆ ಹೊಳೆದದ್ದು ಒಂದೇ ಪ್ರಶ್ನೆ.

“ಬಿದ್ದರ ಏನ್ರೀ ಮಾಡ್ತೀರಿ?”

ಅವಳು ಮುಸಿಮುಸಿ ನಕ್ಕಳು. “ಕಡೀಗೆ ಬೀಳಾದ ಐತಲ್ರೀ. ಹೆಂಗ ಬೀಳ್ತೀವಿ ಅನ್ನಾದ ಆಟ.”

ಮದುವೆಯಾದ ಮೇಲೂ ಆಡಿದಳು. ಮಗಳು ಹುಟ್ಟಿದ ಮೇಲೆ ಇನ್ನು ಮುಗಿಯಿತು ಎಂದು ಎಲ್ಲರೂ ಅಂದುಕೊಂಡಾಗ ಮತ್ತೆ ಮೈದಾನಕ್ಕಿಳಿದು ಮತ್ತೆ ಗೆದ್ದಳು. ನಾನು ಎಲ್ಲ ಕೂಟಗಳಿಗೂ ಹೋಗಿದ್ದೇನೆ, ಒಂದು ಜಿಗಿತವನ್ನೂ ಪೂರ್ತಿ ನೋಡಿಲ್ಲ. ಅವಳು ಓಡಲು ಶುರು ಮಾಡಿದ ಕೂಡಲೇ ನನ್ನ ಕಣ್ಣು ಮುಚ್ಚಿಕೊಳ್ಳುತ್ತದೆ. ಧಪ್, ಧಪ್, ಆಮೇಲೆ ಉಸುಕಿನ ಸದ್ದು. ಇಷ್ಟು ವರ್ಷ ಚಾಂಪಿಯನ್ನಳ ಗಂಡನಾಗಿ ನಾನು ಕಿವಿಯಲ್ಲೇ ಬಾಳಿದ್ದೇನೆ.

ಕೆಲವು ವರ್ಷಗಳ ಹಿಂದೆ ಎರಡನೆಯ ಧಪ್ ಆದಮೇಲೆ ಉಸುಕಿನ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಅವಳು ಮೊಣಕಾಲು ಹಿಡಿದುಕೊಂಡು ಓಟದ ಹಾದಿಯಲ್ಲೇ ಬಿದ್ದಿದ್ದಳು. ರಾಯಚೂರಿನಲ್ಲಿ ಆಪರೇಷನ್ ಆಯಿತು. ನಡೆದಾಡಲು ತೊಂದರೆಯಿಲ್ಲ, ಆದರೆ ಜಿಗಿತದ ಬಗ್ಗೆ ಯೋಚನೆ ಮಾಡಿ ಎಂದರು ಡಾಕ್ಟರು. ಯೋಚನೆ ಮಾಡುವ ಕೆಲಸವನ್ನು ನಾನು ವಹಿಸಿಕೊಂಡೆ. ಅವಳು ಶಾಲೆಯ ಮಕ್ಕಳಿಗೆ ಕಲಿಸಿ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ಒಂದೇ ಕಾಲಿನ ಮೇಲೆ ನಿಂತು ಚಹಾ ಕುಡಿಯುತ್ತಿದ್ದಳು. ಅದನ್ನು ನೋಡಿಯೂ ನೋಡದಂತೆ ಇರುವುದು ನನಗೆ ರೂಢಿಯಾಯಿತು.

ಹೋದ ವರ್ಷ, ಮೂವತ್ತೈದು ದಾಟಿದ ಹಿರಿಯರ ಕ್ರೀಡಾಕೂಟದ ಸುದ್ದಿ ಬಂತು. ವಿಭಾಗದ ಆಯ್ಕೆ ಲಿಂಗಸುಗೂರಿನಲ್ಲೇ. ಅವಳ ವಯಸ್ಸಿನವರಲ್ಲಿ ಮೊದಲ ಇಬ್ಬರು ರಾಜ್ಯದ ಕೂಟಕ್ಕೆ ಹೋಗುತ್ತಾರೆ.

“ಒಮ್ಮಿ ನೋಡ್ತೀನ್ರೀ,” ಎಂದಳು.

“ಮೊಣಕಾಲು?”

“ಅದನ್ನೂ ಕರಕೊಂಡ ಹೋಗ್ತೀನಿ.”

ಎರಡು ದಿನ ವಾದ ಮಾಡಿ ಕರಾರು ಮಾಡಿಕೊಂಡೆವು. ಆಯ್ಕೆಯಾದರೆ ನಾನು ಮುಂದೆ ಬಾಯಿ ತೆಗೆಯುವಂತಿಲ್ಲ. ಆಗದಿದ್ದರೆ ಅವಳು ಮೊಳೆಯ ಬೂಟನ್ನು ಅಟ್ಟದ ಮೇಲಿಟ್ಟು ಜಿಗಿತದ ಮಾತನ್ನೇ ಎತ್ತುವಂತಿಲ್ಲ. ಕರಾರು ನನ್ನದೇ. ಆಗುವುದಿಲ್ಲ ಎಂದು ನನಗೆ ಒಳಗೊಳಗೇ ನಂಬಿಕೆಯಿತ್ತು.

ಅಭ್ಯಾಸಕ್ಕೆ ಉಸುಕಿನ ಗುಂಡಿ ಬೇಕಿತ್ತು. ಶಾಲೆಯ ಗುಂಡಿಯ ಉಸುಕು ಹಿಂದಿನ ಬೇಸಿಗೆಯಲ್ಲಿ ಕಾಂಪೌಂಡ್ ಗೋಡೆಯೊಳಗೆ ಸೇರಿಹೋಗಿತ್ತು. ಆಗ ನನಗೆ ನಮ್ಮ ಮಿಲ್ಲಿನ ಹಿತ್ತಲು ನೆನಪಾಯಿತು. ಅಲ್ಲಿ ಉದ್ದನೆಯ ಮಣ್ಣಿನ ಜಾಗ, ಅದರ ಕೊನೆಗೆ ಗುಡ್ಡದಂತೆ ಭತ್ತದ ಹೊಟ್ಟು. ಉಸುಕಿಗಿಂತ ಮೆತ್ತಗೆ! ಮೊಣಕಾಲಿಗೆ ಹಾಸಿಗೆ ಹಾಸಿದ ಹಾಗೆ. ಜೀವನದಲ್ಲಿ ನನಗೆ ಇಂಥ ಒಳ್ಳೆಯ ವಿಚಾರ ಹೊಳೆದದ್ದು ಕಡಿಮೆ.

ಮಿಲ್ಲಿನ ಸಾಹುಕಾರರು ಜವಳಗೇರಾದ ಕಡೆ ಕಾಲುವೆ ನೀರಾವರಿಗೆಂದು ಬಂದು ನೆಲೆಸಿದ ಕ್ಯಾಂಪಿನವರು, ಎಲ್ಲದಕ್ಕೂ ನಗುವ ಮನುಷ್ಯ. “ಹೊಟ್ಟಿನ್ಯಾಗ ಬೀಳಾಕ ಪರ್ಮಿಷನ್ ಕೇಳಿದವ್ರು ನೀವ ಮೊದಲ್ನೇದವ್ರು ನೋಡ್ರೀ ಅಕೌಂಟೆಂಟ್ರ,” ಎಂದು ಆಳುಗಳಿಂದ ಗುಂಡಿ ತೋಡಿಸಿ ಹೊಟ್ಟು ತುಂಬಿಸಿಕೊಟ್ಟರು.

ಭಾನುವಾರ ಬಂದರೆ ಇಬ್ಬರೂ ಸಿಂಧನೂರಿನ ಬಸ್ಸು ಹತ್ತುತ್ತಿದ್ದೆವು. ಅವಳು ಜಿಗಿಯುತ್ತಿದ್ದಳು. ನಾನು ಗುಂಡಿಯ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತು ಕೂಗುತ್ತಿದ್ದೆ: “ಕೈ ಊರು! ಹಿಂದ ಕೈ ಊರು! ಮೊಣಕಾಲಿಗೆ ಭಾರ ಬಿಡಬ್ಯಾಡ!” ಮೊದಮೊದಲು ನಕ್ಕಳು. ಆಮೇಲೆ ಅವಳ ಆಪರೇಷನ್ ಆದ ಕಾಲಿಗೂ ನನ್ನ ಮಾತು ಹಿತವೆನಿಸಿರಬೇಕು, ಹಿಂದೆ ಕೈ ಊರಿ ಕೂತಂತೆ ಇಳಿಯತೊಡಗಿದಳು. ಗಾರೆ ಕೆಲಸದ ಗೌಂಡಿಯ ಟೇಪು ಹಿಡಿದು, ಅವಳು ಕಾಲು ತೆಗೆಯುವ ಮೊದಲೇ, ಹಿಮ್ಮಡಿ ಹುಗಿದಲ್ಲಿಂದ ಅಳೆಯುತ್ತಿದ್ದೆವು. ವಾರದಿಂದ ವಾರಕ್ಕೆ ಅಳತೆ ಬೆಳೆಯಿತು. ಮೈಯೆಲ್ಲ ಹೊಟ್ಟಿನ ತುರಿಕೆ, ಮುಖದ ತುಂಬ ನಗು. ಮರಳುವ ಬಸ್ಸಿನಲ್ಲಿ ಅವಳ ಜಡೆಯಿಂದ ಹೊಟ್ಟು ಹೆಕ್ಕುತ್ತ ಕೂರುವುದು ನನ್ನ ಕೆಲಸ. ಇವಳು ಆಯ್ಕೆಯಾಗಿಬಿಟ್ಟರೆ ಏನಪ್ಪ ಎಂಬ ಹೊಸ ಚಿಂತೆ ಆಗಲೇ ಶುರುವಾಗಿತ್ತು.

ಲಿಂಗಸುಗೂರಿನ ಮೈದಾನದಲ್ಲಿ ಅವಳ ಮೊದಲ ಜಿಗಿತಕ್ಕೆ ಜನ ಹೋ ಎಂದರು. ಕಣ್ಣು ಬಿಟ್ಟು ನೋಡಿದೆ. ಎಲ್ಲರಿಗಿಂತ ಮುಂದೆ ಉಸುಕಿನಲ್ಲಿ ಕೂತಿದ್ದಳು. ಅಳೆಯುವವರು ಕೈಯಲ್ಲಿ ಕಬ್ಬಿಣದ ಕಡ್ಡಿ ಹಿಡಿದು ಬಂದು, ಅವಳ ಕಾಲಿನ ಹತ್ತಿರ ಹೋಗದೆ, ಎಷ್ಟೋ ಹಿಂದೆ ಚುಚ್ಚಿದರು.

ನಾನು ಹಗ್ಗ ದಾಟಿ ಒಳಗೆ ಹೋದೆ. “ಸರ, ಕಾಲು ಅಲ್ಲಿ ಅದಾವ್ರೀ!”

“ಕೈ ಇಲ್ಲಿ ಐತಲ್ರೀ ಯಜಮಾನ್ರ,” ಎಂದರು ಅವರು, ಉಸುಕಿನಲ್ಲಿ ಒಡೆದು ಕಾಣುವ ಐದು ಬೆರಳುಗಳನ್ನು ತೋರಿಸುತ್ತ. “ಮೈ ತಾಗಿದ್ರಾಗ ಎಲ್ಲಾಕಿಂತ ಹಿಂದಿನ ಗುರುತು ಯಾವ್ದೈತಿ, ಅಲ್ಲಿಂದ ಅಳತಿ. ಮೇಡಂಗೆ ಗೊತ್ತೈತಿ, ಕೇಳ್ರಿ.”

ಮೇಡಂಗೆ ಗೊತ್ತಿತ್ತು. ಪ್ರತಿ ವರ್ಷ ಮಕ್ಕಳಿಗೆ ಅದನ್ನೇ ಕಲಿಸಿದವಳು. ಆದರೆ ಹೊಟ್ಟಿನಲ್ಲಿ ಕೈಯ ಗುರುತು ಉಳಿಯುವುದಿಲ್ಲ. ಕೈ ಎತ್ತಿದ ಕೂಡಲೇ ಸುತ್ತಲಿನ ಹೊಟ್ಟು ಜಾರಿ ಬಂದು ತೂತು ಮುಚ್ಚುತ್ತದೆ. ಇಷ್ಟು ಭಾನುವಾರ ನಾವಿಬ್ಬರೂ ಕೂಡಿ ಅಳೆದದ್ದು ಸುಳ್ಳು ಅಳತೆ. ಚಾಂಪಿಯನ್ನಳ ಇಳಿಯುವ ರೀತಿಯನ್ನೇ ನಾನು ಕೂಗಿ ಕೂಗಿ ಕೆಡಿಸಿದ್ದೆ, ಹೊಟ್ಟು ಅದನ್ನು ಮುಚ್ಚಿಟ್ಟುಕೊಂಡಿತ್ತು.

ಎರಡನೆಯ ಸಲವೂ ಕೈ ತನ್ನಷ್ಟಕ್ಕೆ ತಾನೇ ಹಿಂದೆ ಹೋಯಿತು. ಮೂರನೆಯ ಸಲವೂ ಹೋಯಿತು. ಹೇಗೋ, ಇನ್ನೂ ಮೂರು ಜಿಗಿತ ಸಿಗುವ ಕೊನೆಯ ಸುತ್ತಿಗೆ ಉಳಿದಳು. ಬಂದು ನನ್ನೆದುರು ನಿಂತಳು. ಬಯ್ಯುತ್ತಾಳೆಂದು ಕಾದೆ.

“ಒಂದ್ ಕೆಲ್ಸ ಮಾಡ್ತೀರೇನ್ರೀ? ಗೇಟಿನ್ ಕಡೆ ಹೋಗಿ ಚಾ ಕುಡೀರಿ.”

“ನಾ ಏನೂ ಅನ್ನಂಗಿಲ್ಲ. ಬಾಯಿ ಮುಚಗೊಂಡ ನಿಂದರ್ತೀನಿ.”

“ನೀವು ಅನ್ನಾದ ಬ್ಯಾಡ್ರೀ. ನಿಮ್ಮ ಮಾರಿ ನೋಡಿದ್ರ ಸಾಕು, ಕೈ ಹಿಂದ ಹೊಕ್ಕೈತಿ.”

ಗೇಟಿನ ಬಳಿ ಚಹಾ ಕೊಂಡೆ, ಕುಡಿಯಲಿಲ್ಲ. ಮೈದಾನಕ್ಕೆ ಬೆನ್ನು ಹಾಕಿ ನಿಂತೆ. ಅಷ್ಟು ದೂರಕ್ಕೆ ಧಪ್ ಕೇಳಿಸುವುದಿಲ್ಲ, ಕಿವಿಯೂ ಕೈಕೊಟ್ಟಿತು. ಒಮ್ಮೆ ಜನ ನಕ್ಕರು. ಒಮ್ಮೆ ಚಪ್ಪಾಳೆ ಹೊಡೆದರು. ತಡೆಯಲಾಗದೆ ಓಡಿದೆ. ಅವಳು ಗುಂಡಿಯಿಂದ ಏಳುತ್ತಿದ್ದಳು. ಕೈ ಎರಡೂ ಮುಂದಕ್ಕೆ ಚಾಚಿ, ಬೋರಲು ಬಿದ್ದಿದ್ದಳಂತೆ. ಹುಬ್ಬಿನಲ್ಲಿ, ಹಲ್ಲಿನಲ್ಲಿ ಉಸುಕು. ಅದು ಕೊನೆಯ ಜಿಗಿತ. ಕಡ್ಡಿಯನ್ನು ಅವಳ ಹಿಮ್ಮಡಿಯ ಗುರುತಿಗೇ ಚುಚ್ಚಿದರು.

ಮೂರನೆಯವಳಾದಳು. ಎರಡನೆಯವಳಿಗೂ ಇವಳಿಗೂ ನಡುವೆ ಒಂದು ಬೆರಳಿನ ಅಂತರ.

ಮಸ್ಕಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬೂಟಿನ ಮೊಳೆಗಳ ನಡುವಿನ ಮಣ್ಣು ಕೆರೆಯುತ್ತಿದ್ದಳು. ಅಷ್ಟು ನಿಧಾನವಾಗಿ ಅವಳು ಯಾವ ಕೆಲಸ ಮಾಡಿದ್ದನ್ನೂ ನಾನು ನೋಡಿಲ್ಲ. ನಾನು ಅವಳ ಮೊಣಕಾಲನ್ನೇ ನೋಡುತ್ತಿದ್ದೆ.

“ನೋವು ಐತೇನು?”

“ಇಲ್ಲ.”

“ಖರೆ ಹೇಳು.”

“ಖರೇನ ಇಲ್ರೀ. ಬೋರಲ ಬಿದ್ರೂ ಏನೂ ಆಗಿಲ್ಲ. ಮುಟ್ಟಿ ನೋಡ್ರಿ.” ಮುಟ್ಟಿ ನೋಡಿದೆ. ಬಾವು ಇರಲಿಲ್ಲ. ಬೂಟನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. “ಇರ್ಲಿ ಬಿಡ್ರಿ. ಕರಾರು ಅಂದ್ರ ಕರಾರು. ಇವತ್ತ ಅಟ್ಟಕ್ಕ ಇಡ್ತೀನಿ. ಸ್ಟೂಲು ಹಿಡೀರಿ, ಇಲ್ಲಂದ್ರ ಅಲ್ಲಿಂದ ಬೀಳ್ತಾಳ ಅಂತ ನಿಮಗ ನಿದ್ದಿ ಬರಂಗಿಲ್ಲ.”

ನಾನು ಬಯಸಿದ್ದು ಇದನ್ನೇ. ಆದರೂ ಮಸ್ಕಿ ಬರುವವರೆಗೆ ಆ ಚೀಲವನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕೂತೆ. ಅವಳು ಸೋತಿದ್ದು ಕಾಲಿನಿಂದಲ್ಲ. ನಾನು ಹೆದರಿದ್ದ ಕಾಲು ಗಟ್ಟಿಯಾಗಿಯೇ ಇತ್ತು.

ಮರುದಿನ ಮಿಲ್ಲಿಗೆ ಹೋದವನೇ ಸಾಹುಕಾರರ ಎದುರು ನಿಂತೆ. ಉಸುಕಿಗೆ ಪರ್ಮಿಟ್ ಬೇಕೇನು, ಹಳ್ಳದ್ದು ತಂದರೆ ಪೊಲೀಸರು ಹಿಡಿಯುತ್ತಾರೇನು, ಎಂದೆಲ್ಲ ಕೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, ಹೊಸ ಗೋದಾಮು ಕಟ್ಟಿ ಉಳಿದ ಉಸುಕನ್ನು ಹಿತ್ತಲಿಗೆ ಹಾಕಿಸಿದರು. ಅದರಲ್ಲಿ ಗಾಜಿನ ಚೂರು ಇದ್ದರೆ? ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಜರಡಿ ಹಿಡಿಯತೊಡಗಿದೆ.

“ಅಕ್ಕಿ ಮಿಲ್ಲಿನ್ಯಾಗ ಉಸುಕು ಹಸನ ಮಾಡೋ ಅಕೌಂಟೆಂಟ್ನ ಈಗ ನೋಡಾಕತ್ತೀನಿ,” ಎಂದರು ಸಾಹುಕಾರರು. “ಇದನ್ನೂ ಮೂಟಿ ಕಟ್ಟಿ ಮಾರೂನೇನ್ರೀ?”

ಶನಿವಾರ ರಾತ್ರಿ ಸ್ಟೂಲು ಹಾಕಿ ನಾನೇ ಅಟ್ಟಕ್ಕೆ ಕೈ ಹಾಕಿದೆ. ಅವಳು ಬಂದು ಸ್ಟೂಲು ಹಿಡಿದುಕೊಂಡಳು. ಚೀಲ ಕೆಳಗೆ ಬಂದಾಗ ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು.

“ಕರಾರು?”

“ಅದು ಹೊಟ್ಟಿನ ಮ್ಯಾಲ ಮಾಡಿದ್ದು. ಉಸುಕಿಂದ ಬ್ಯಾರೆ.”

ಅವಳು ನಗಲಿಲ್ಲ. ಚೀಲ ಎದೆಗವಚಿಕೊಂಡು ಒಳಗೆ ಹೋದಳು. ಬಹಳ ಹೊತ್ತು ಅಡುಗೆಮನೆಯ ನಲ್ಲಿ ಸುಮ್ಮನೆ ಸುರಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಮಿಲ್ಲಿನ ಹಿತ್ತಲಲ್ಲಿ ಅವಳು ತನ್ನ ಗುರುತಿನ ಮೇಲೆ ನಿಂತು ಬೂಟಿನ ಲೇಸು ಬಿಗಿದಳು. ನಾನು ಗುಂಡಿಯ ಪಕ್ಕದಲ್ಲಿದ್ದೆ. ಓಟದ ಹಾದಿಯ ಅಂಚಿಗೆ ನಾಯಿಯೊಂದು ಮಲಗಿತ್ತು. ಮಣ್ಣಿನಲ್ಲಿ ಇಬ್ಬನಿಯ ಪಸೆ ಇತ್ತು. ಎಡಗಾಲಿನ ಲೇಸು ಇನ್ನೂ ಸಡಿಲವಾಗಿದೆ ಎಂದು ನನಗೆ ಅನಿಸಿತು.

“ಏನರ ಹೇಳಾದೈತೇನ್ರೀ?” ಎಂದು ಅಲ್ಲಿಂದ ಕೂಗಿದಳು.

“ಏನಿಲ್ಲ,” ಎಂದೆ. “ಬಾ.”

ಕಣ್ಣು ಮಾತ್ರ ಮುಚ್ಚಿಕೊಂಡೆ.